ಬೈಬಲ್ ಓದುವುದು ಹೇಗೆ? ರೋಮ್‌ನಲ್ಲಿ ನಾನೂರು ವರ್ಷ ನಡೆದ ಜಗಳ

1962ರ ನವೆಂಬರ್ 20. ರೋಮ್‌ನ ಸಂತ ಪೇತ್ರರ ಮಹಾದೇವಾಲಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಿಷಪ್ಪರು ಮತ ಹಾಕಲು ಕೂತಿದ್ದರು. ಜಗತ್ತಿನ ಕ್ಯಾಥೊಲಿಕ್ ಬಿಷಪ್ಪರೆಲ್ಲ ಸೇರುವ ಎರಡನೆಯ ವ್ಯಾಟಿಕನ್ ಮಹಾಸಭೆ ಶುರುವಾಗಿ ತಿಂಗಳು ದಾಟಿತ್ತು. ಮುಂದಿದ್ದದ್ದು ದೇವರ ಪ್ರಕಟಣೆಯ ಬಗೆಗಿನ ಒಂದು ಕರಡು. ಇದರ ಚರ್ಚೆ ಇಲ್ಲಿಗೇ ನಿಲ್ಲಿಸೋಣವೇ ಎಂಬುದು ಪ್ರಶ್ನೆ. ನಿಲ್ಲಿಸಿ ಎಂದವರು 1368 ಮಂದಿ. ಬೇಡ ಎಂದವರು 822. ಆದರೆ ನಿಯಮದ ಪ್ರಕಾರ ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು, ನೂರರಷ್ಟು ಕಡಿಮೆ ಬಿತ್ತು. ಹೆಚ್ಚಿನವರಿಗೆ ಬೇಡವಾದ ಕರಡನ್ನೇ ಎಲ್ಲರೂ ಕೂತು ಚರ್ಚಿಸಬೇಕಾದ ಪರಿಸ್ಥಿತಿ! ಮರುದಿನ ಪೋಪ್ 23ನೆಯ ಜಾನ್ ತಾವೇ ನಡುವೆ ಬಂದು ಕರಡನ್ನು ವಾಪಸ್ ತೆಗೆಸಿ, ಹೊಸದಾಗಿ ಬರೆಯಲು ಜಂಟಿ ಸಮಿತಿಗೆ ಒಪ್ಪಿಸಿದರು.

ಒಂದು ಕರಡಿನ ಮೇಲೆ ಇಷ್ಟೊಂದು ಸಿಟ್ಟು ಯಾಕೆ?

ಮನುಷ್ಯ ತನ್ನ ಬುದ್ಧಿಯಿಂದಲೇ ತಿಳಿಯಲಾರದ್ದನ್ನು ದೇವರು ತಾನಾಗಿ ತಿಳಿಸುತ್ತಾನೆ. ಕ್ರೈಸ್ತರು ಪ್ರಕಟಣೆ ಎನ್ನುವುದು ಇದನ್ನೇ. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ತಕರಾರು ಆಮೇಲೆ. ದೇವರು ತಿಳಿಸಿದ್ದು ನಂಬಬೇಕಾದ ಮಾತುಗಳನ್ನೋ, ತನ್ನನ್ನೋ? ಮಾತುಗಳನ್ನು ಎಂದರೆ ಬೈಬಲ್‌ನ ಒಂದೊಂದು ವಾಕ್ಯವೂ ದೇವರು ಕೊಟ್ಟ ಮಾಹಿತಿಯಾಗುತ್ತದೆ. ಸೂರ್ಯ ಸುತ್ತುತ್ತಾನೆ ಎಂದಿದ್ದರೆ ಸುತ್ತಲೇಬೇಕು.

ಹಳಬರು ಇಷ್ಟು ಬಿಗಿಯಾಗಿರಲಿಲ್ಲ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಒರಿಗೆನ್ ಬೈಬಲ್‌ನ ಮೊದಲ ಗ್ರಂಥ ಆದಿಕಾಂಡ ಓದಿ ನೇರವಾಗಿ ಕೇಳಿದ: ಸೂರ್ಯ ಹುಟ್ಟಿದ್ದು ನಾಲ್ಕನೆಯ ದಿನ, ಹಾಗಾದರೆ ಮೊದಲ ಮೂರು ದಿನ ಬೆಳಗು ಬೈಗು ಆಗಿದ್ದು ಹೇಗೆ? ದೇವರು ರೈತನ ಹಾಗೆ ಏದೆನಿನಲ್ಲಿ ಗಿಡ ನೆಟ್ಟ ಎಂಬುದನ್ನು ಅಕ್ಷರಶಃ ನಂಬುವಷ್ಟು ಪೆದ್ದರು ಯಾರಿದ್ದಾರೆ? ಐದನೆಯ ಶತಮಾನದ ಹೊತ್ತಿಗೆ ಅಗಸ್ಟೀನ್ ಇನ್ನೊಂದು ಎಚ್ಚರಿಕೆ ಕೊಟ್ಟ. ಆಕಾಶ, ನಕ್ಷತ್ರಗಳ ಬಗ್ಗೆ ಬೇರೆಯವರಿಗೂ ಗೊತ್ತಿರುವ ವಿಷಯದಲ್ಲಿ ಕ್ರೈಸ್ತರು ಬೈಬಲ್ ಹೆಸರಲ್ಲಿ ಏನೇನೋ ಮಾತಾಡಿದರೆ ಕೇಳಿದವರು ನಗುತ್ತಾರೆ, ಆಮೇಲೆ ಪುನರುತ್ಥಾನದ ಮಾತು ಹೇಳಿದರೂ ನಂಬುವುದಿಲ್ಲ ಎಂದ.

ಹಗ್ಗ ಬಿಗಿಯಾಗಿದ್ದು ಪ್ರೊಟೆಸ್ಟೆಂಟರು ರೋಮ್‌ನಿಂದ ಬೇರೆಯಾದ ಸುಧಾರಣೆಯ ಕಾಲದಲ್ಲಿ. 1521ರಲ್ಲಿ ವರ್ಮ್ಸ್ ನಗರದ ಸಭೆಯಲ್ಲಿ ಮಾರ್ಟಿನ್ ಲೂಥರ್, ಧರ್ಮಗ್ರಂಥದಿಂದಲೋ ಸರಿಯಾದ ತರ್ಕದಿಂದಲೋ ತೋರಿಸಿಕೊಡದಿದ್ದರೆ ನನ್ನ ಮಾತು ಹಿಂತೆಗೆದುಕೊಳ್ಳಲಾರೆ ಎಂದ. ಇದಕ್ಕೆ ರೋಮ್ ಉತ್ತರ ಕೊಟ್ಟದ್ದು 1546ರ ಏಪ್ರಿಲ್‌ನಲ್ಲಿ, ಟ್ರೆಂಟ್ ಮಹಾಸಭೆಯಲ್ಲಿ. ಗ್ರಂಥಕ್ಕೂ, ತಲೆಮಾರುಗಳಿಂದ ಬಂದ ಬೋಧನೆಯ ಪರಂಪರೆಗೂ ಸಮಾನ ಗೌರವ ಸಲ್ಲಬೇಕು. ವಿಶ್ವಾಸ ಮತ್ತು ನೀತಿಯ ವಿಷಯದಲ್ಲಿ ಯಾರೂ ಸ್ವಂತ ಬುದ್ಧಿ ನೆಚ್ಚಿ ಧರ್ಮಸಭೆಗೆ (ಅಂದರೆ ಚರ್ಚಿಗೆ), ಪಿತೃಗಳೆನ್ನುವ ಪ್ರಾಚೀನ ಕ್ರೈಸ್ತ ಗುರುಗಳ ಒಮ್ಮತಕ್ಕೆ ವಿರುದ್ಧವಾಗಿ ಅರ್ಥ ಹೇಳಬಾರದು. ಲೂಥರ್‌ಗೆ ಹಾಕಿದ ಈ ಬೇಲಿಗೆ ಎಪ್ಪತ್ತು ವರ್ಷಗಳ ನಂತರ ಸಿಕ್ಕಿಬಿದ್ದವನು ಗೆಲಿಲಿಯೋ.

ಗೆಲಿಲಿಯೋ ಕಥೆಯನ್ನು ಸಾಮಾನ್ಯವಾಗಿ ವಿಜ್ಞಾನ ವರ್ಸಸ್ ಧರ್ಮ ಎಂದು ಹೇಳಿಬಿಡುತ್ತೇವೆ. ಅದು ಅರ್ಧ ಕಥೆ. ಯೆಹೋಶುವನ ಗ್ರಂಥದ 10ನೆಯ ಅಧ್ಯಾಯದಲ್ಲಿ ಯುದ್ಧ ಮುಗಿಯುವವರೆಗೆ ಗಿಬ್ಯೋನಿನ ಮೇಲೆ ನಿಲ್ಲು ಎಂದು ಸೂರ್ಯನಿಗೆ ಅಪ್ಪಣೆಯಾಗುತ್ತದೆ. ಸೂರ್ಯ ನಿಲ್ಲುತ್ತಾನೆ. ಕೊಪರ್ನಿಕಸ್ ಹೇಳಿದ, ಗೆಲಿಲಿಯೋ ಒಪ್ಪಿದ ಹಾಗೆ ಸುತ್ತುವುದು ಭೂಮಿಯಾದರೆ, ಚಲಿಸದಿದ್ದ ಸೂರ್ಯ ನಿಲ್ಲುವುದು ಹೇಗೆ? ಇದಕ್ಕೆ ಗೆಲಿಲಿಯೋ 1613ರಲ್ಲಿ ಶಿಷ್ಯ ಕಾಸ್ಟೆಲ್ಲಿಗೆ, 1615ರಲ್ಲಿ ಟಸ್ಕನಿಯ ರಾಜಮಾತೆ ಕ್ರಿಸ್ಟಿನಾಗೆ ಪತ್ರ ಬರೆದು ಉತ್ತರ ಕೊಟ್ಟ. ಗ್ರಂಥ ಸಾಮಾನ್ಯ ಜನರಿಗೆ ತಿಳಿಯುವ ಹಾಗೆ ಮಾತಾಡುತ್ತದೆ ಅಂದ. ಸ್ವರ್ಗಕ್ಕೆ ಹೋಗುವುದು ಹೇಗೆಂದು ಅದು ಕಲಿಸುತ್ತದೆಯೇ ಹೊರತು ಆಕಾಶ ಹೇಗೆ ನಡೆಯುತ್ತದೆ ಎಂದಲ್ಲ ಎಂಬ ಒಬ್ಬ ಕಾರ್ಡಿನಲ್‌ರ ಚಟಾಕಿಯನ್ನೂ ಸೇರಿಸಿದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಯೆಹೋಶುವನ ಪವಾಡ ಕೊಪರ್ನಿಕಸ್‌ನ ಲೆಕ್ಕದಲ್ಲೇ ಚೆನ್ನಾಗಿ ಕೂರುತ್ತದೆ ಎಂದು ತಾನೇ ವ್ಯಾಖ್ಯಾನ ಮಾಡಲು ಹೊರಟ! ಗ್ರಂಥದಲ್ಲಿ ಖಗೋಳ ಹುಡುಕಬೇಡಿ ಎಂದವನೇ ಹುಡುಕಿ ತೋರಿಸಿದ.

ಎದುರಿಗಿದ್ದ ಕಾರ್ಡಿನಲ್ ಬೆಲ್ಲರ್ಮಿನೋ ಪೆದ್ದನಲ್ಲ. ಭೂಮಿ ಸುತ್ತುತ್ತದೆ ಎಂಬುದಕ್ಕೆ ನಿಜವಾದ ಸಾಕ್ಷ್ಯ ಸಿಕ್ಕರೆ ಗ್ರಂಥದ ಆ ಮಾತುಗಳನ್ನು ಬಹಳ ಎಚ್ಚರದಿಂದ ಬೇರೆ ರೀತಿ ವಿವರಿಸಬೇಕಾಗುತ್ತದೆ ಎಂದು 1615ರ ಏಪ್ರಿಲ್‌ನಲ್ಲೇ ಬರೆದಿದ್ದ. ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ. ಅಬ್ರಹಾಮನಿಗೆ ಇಬ್ಬರು ಮಕ್ಕಳು, ಯಾಕೋಬನಿಗೆ ಹನ್ನೆರಡು ಎಂಬುದನ್ನು ಅಲ್ಲಗಳೆದರೆ ಕ್ರಿಸ್ತ ಕನ್ಯೆಯಲ್ಲಿ ಹುಟ್ಟಿದ ಎಂಬುದನ್ನು ಅಲ್ಲಗಳೆದಷ್ಟೇ ತಪ್ಪು, ಯಾಕೆಂದರೆ ಎರಡನ್ನೂ ಹೇಳಿದ್ದು ಪವಿತ್ರಾತ್ಮನೇ. ನನಗೆ ಇಡೀ ಜಗಳದ ಬೇರು ಕಾಣುವುದು ಇಲ್ಲಿ. ವಿಷಯ ಯಾವುದೇ ಇರಲಿ, ಹೇಳಿದವನು ದೇವರಾದ್ದರಿಂದ ಪ್ರತಿ ವಾಕ್ಯವೂ ವಿಶ್ವಾಸದ ವಿಷಯ. ಮಕ್ಕಳ ಲೆಕ್ಕ ವಿಶ್ವಾಸದ ವಿಷಯವಾದ ಮೇಲೆ ಸೂರ್ಯನ ಓಟ ಬಿಡುತ್ತಾ? 1616ರಲ್ಲಿ ಕೊಪರ್ನಿಕಸ್ ಪುಸ್ತಕಕ್ಕೆ ತಡೆ ಬಿತ್ತು, 1633ರಲ್ಲಿ ಗೆಲಿಲಿಯೋಗೆ ಶಿಕ್ಷೆಯಾಯಿತು.

ಆಮೇಲಿನ ಸಮಸ್ಯೆ ಆಕಾಶದ್ದಲ್ಲ, ಪುಸ್ತಕದ್ದೇ. ಮೋಶೆಯ ಗ್ರಂಥಗಳೆನ್ನುವ ಬೈಬಲ್‌ನ ಮೊದಲ ಐದು ಗ್ರಂಥಗಳನ್ನು ಪೂರ್ತಿ ಮೋಶೆಯೇ ಬರೆದನೇ ಎಂದು 1678ರಲ್ಲಿ ಕೇಳಿದ ಫ್ರೆಂಚ್ ಪಾದ್ರಿ ರಿಶಾರ್ ಸಿಮೋನ್‌ನ ಪುಸ್ತಕದ ಪ್ರತಿಗಳನ್ನು ನಾಶ ಮಾಡಿಸಿದರು. ಎರಡು ಶತಮಾನ ಕಳೆದ ಮೇಲೆ ಜರ್ಮನಿಯ ಪ್ರೊಟೆಸ್ಟೆಂಟ್ ವಿದ್ವಾಂಸರು ಅದೇ ಪ್ರಶ್ನೆಯನ್ನು ಶಾಸ್ತ್ರವಾಗಿ ಬೆಳೆಸಿದರು. ರೋಮ್ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಟ್ಟಿತು. ಗ್ರಂಥ ಬರೆದವರು ಕಣ್ಣಿಗೆ ಕಂಡ ಹಾಗೆ ಬರೆದರು ಎಂದು 1893ರಲ್ಲಿ ಪೋಪ್ 13ನೆಯ ಲಿಯೋ ಅಗಸ್ಟೀನ್‌ನನ್ನು ನೆನೆದು ಒಪ್ಪಿದರು. 1906ರಲ್ಲಿ ರೋಮ್‌ನ ಬೈಬಲ್ ಆಯೋಗ ಐದು ಗ್ರಂಥಗಳು ಬಹುಮಟ್ಟಿಗೆ ಮೋಶೆಯವೇ ಎಂದು ಹೇಳಿತು. 1943ರಲ್ಲಿ ಪೋಪ್ 12ನೆಯ ಪಿಯುಸ್ ಬಾಗಿಲು ತೆರೆದರು: ಮೂಲ ಭಾಷೆಗಳಿಗೆ ಹೋಗಿ, ಆ ಕಾಲದವರು ಯಾವ ಬಗೆಯಲ್ಲಿ ಬರೆಯುತ್ತಿದ್ದರು ನೋಡಿ, ಕಾವ್ಯವನ್ನು ವರದಿಯಂತೆ ಓದಬೇಡಿ. ಹಾಗೆಂದು ಎಲ್ಲರೂ ಒಪ್ಪಲಿಲ್ಲ. ಮಹಾಸಭೆಯ ಹೊತ್ತಿನಲ್ಲೇ ರೋಮ್‌ನ ಬೈಬಲ್ ಸಂಸ್ಥೆಯ ಇಬ್ಬರು ಪ್ರಾಧ್ಯಾಪಕರಾದ ಲಿಯೋನೆ ಮತ್ತು ಝೆರ್ವಿಕ್‌ಗೆ ಪಾಠ ಮಾಡದಂತೆ ತಡೆಯಿತ್ತು.

1962ರ ಆ ಕರಡು ಪ್ರಕಟಣೆಗೆ ಗ್ರಂಥ, ಪರಂಪರೆ ಎಂದು ಎರಡು ಬೇರೆ ಬೇರೆ ಮೂಲಗಳಿವೆ ಎಂದಿತ್ತು, ಬೈಬಲ್ ಎಲ್ಲ ವಿಷಯದಲ್ಲೂ ನಿರ್ದೋಷಿ ಎಂದೂ ಸಾರಿತ್ತು. ಹೊಸ ಕರಡಿನ ಚರ್ಚೆಯಲ್ಲಿ, 1964ರ ಅಕ್ಟೋಬರ್‌ನಲ್ಲಿ, ವಿಯೆನ್ನಾದ ಕಾರ್ಡಿನಲ್ ಫ್ರಾಂಝ್ ಕೋನಿಗ್ ಎದ್ದು ನಿಂತು ಸುಮ್ನೆ ಬೈಬಲ್ ತೆರೆದು ತೋರಿಸಿದ ಹಾಗೆ ಮಾತಾಡಿದರು. ದಾವೀದ ದೇವಾಲಯದ ರೊಟ್ಟಿ ತಿಂದಾಗ ಅಬಿಯಾತರ ಮಹಾಯಾಜಕನಾಗಿದ್ದ ಎನ್ನುತ್ತದೆ ಮಾರ್ಕ 2:26. ಸಮುವೇಲನ ಮೊದಲ ಗ್ರಂಥದ 21ನೆಯ ಅಧ್ಯಾಯ ನೋಡಿದರೆ ಅಲ್ಲಿದ್ದ ಯಾಜಕ ಅಹಿಮೆಲೆಕ. ಇದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳೋಣ, ಗ್ರಂಥದ ಗೌರವಕ್ಕೆ ಅದರಿಂದ ಕುಂದಿಲ್ಲ ಎಂಬುದು ಅವರ ವಾದ. ಗೆಲಿಲಿಯೋ ಹೊರಗಿನಿಂದ ಹೇಳಿದ್ದನ್ನು ಒಬ್ಬ ಕಾರ್ಡಿನಲ್ ಒಳಗೆ ನಿಂತು ಹೇಳಿದ ಹಾಗಾಯಿತು ಅಲ್ವಾ?

1965ರ ನವೆಂಬರ್ 18ರಂದು ಅಂತಿಮ ದಾಖಲೆ ‘ದೇಯಿ ವೆರ್ಬುಮ್’ (ದೇವರ ವಾಕ್ಯ) ಬಂತು. ಪರ 2344, ವಿರೋಧ 6. ಅದು ಶುರುವಾಗುವುದು ಮಾತುಗಳ ಪಟ್ಟಿಯಿಂದಲ್ಲ. ದೇವರು ತನ್ನನ್ನೇ ಪ್ರಕಟಿಸಿದ, ಮನುಷ್ಯರನ್ನು ಗೆಳೆಯರಂತೆ ಮಾತಾಡಿಸಿದ, ಅದು ನಡೆದದ್ದು ಘಟನೆಗಳಲ್ಲೂ ಮಾತುಗಳಲ್ಲೂ, ಪೂರ್ತಿಯಾದದ್ದು ಕ್ರಿಸ್ತನಲ್ಲಿ. ಗ್ರಂಥ ತಪ್ಪಿಲ್ಲದೆ ಕಲಿಸುವುದು ನಮ್ಮ ರಕ್ಷಣೆಗಾಗಿ ದೇವರು ಬರೆಸಿದ ಸತ್ಯವನ್ನು. ಅರ್ಥ ಹೇಳುವ ಅಧಿಕಾರ ಧರ್ಮಸಭೆಗೇ ಉಳಿಯಿತು, ಆದರೆ ಆ ಅಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವೆಗೆ ಇರುವುದು ಎಂದು ಸೇರಿಸಿದರು. ಸೋತದ್ದು ಬೆಲ್ಲರ್ಮಿನೋನ ಖಗೋಳ ಮಾತ್ರವಲ್ಲ, ಪ್ರಕಟಣೆ ಅಂದರೆ ವಾಕ್ಯಗಳು ಎಂಬ ಅವನ ಲೆಕ್ಕ ಕೂಡ. ಪ್ರೊಟೆಸ್ಟೆಂಟರಲ್ಲಿ ಈ ಜಗಳ ಇನ್ನೂ ಬಿಸಿಯಾಗಿದೆ. 1978ರಲ್ಲಿ ಷಿಕಾಗೋದಲ್ಲಿ ಸೇರಿದ ಇವ್ಯಾಂಜೆಲಿಕಲ್ ನಾಯಕರು ಬೈಬಲ್ ಇತಿಹಾಸ, ವಿಜ್ಞಾನದ ವಿಷಯದಲ್ಲೂ ನಿರ್ದೋಷಿ ಎಂದೇ ಘೋಷಿಸಿದರು.

ಮುಂದಿನ ಪ್ರಶ್ನೆ ಎದ್ದದ್ದು ನಮ್ಮ ಬೆಂಗಳೂರಿನಲ್ಲಿ. ಮಹಾಸಭೆಯ ನಂತರ ಫಾದರ್ ಅಮಲೋರ್‌ಪವದಾಸ್ ಹಚಿನ್ಸ್ ರಸ್ತೆಯಲ್ಲಿ ಕಟ್ಟಿದ ಎನ್‌ಬಿಸಿಎಲ್‌ಸಿ ಎಂಬ ಕ್ಯಾಥೊಲಿಕ್ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ, ಆರಾಧನೆ ಕೇಂದ್ರದಲ್ಲಿ 1974ರ ಡಿಸೆಂಬರ್‌ನಲ್ಲಿ ಒಂದು ವಿಚಾರ ಸಂಕಿರಣ ಸೇರಿತು. ದೇವರು ತನ್ನನ್ನೇ ತಿಳಿಸುವವನಾದರೆ ಬೇರೆ ಧರ್ಮಗಳ ಗ್ರಂಥಗಳಲ್ಲೂ ತಿಳಿಸಿರಬಹುದೇ? ಉಪನಿಷತ್ತಿನ ಮಾತನ್ನು ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ಓದಬಹುದೇ? ಮರುವರ್ಷ ರೋಮ್‌ನಿಂದ ಪತ್ರ ಬಂತು, ಪೂಜೆಯಲ್ಲಿ ಅಂಥ ಓದು ನಿಲ್ಲಿಸಿ ಎಂದು. 2000ದಲ್ಲಿ ರೋಮ್ ಹೊರಡಿಸಿದ ‘ದೊಮಿನುಸ್ ಯೇಸುಸ್’ ಎಂಬ ದಾಖಲೆ, ದೈವಪ್ರೇರಿತ ಎಂಬ ಮಾತು ಬೈಬಲ್‌ನ ಗ್ರಂಥಗಳಿಗೆ ಮಾತ್ರ ಸಲ್ಲುತ್ತದೆ ಎಂದಿತು. ಅಲ್ಲಿಯೇ, ಬೇರೆ ಗ್ರಂಥಗಳಲ್ಲಿರುವ ಒಳಿತೂ ಕೃಪೆಯೂ ಕ್ರಿಸ್ತನ ರಹಸ್ಯದಿಂದಲೇ ಬಂದದ್ದು ಎಂದೂ ಬರೆಯಿತು.