ಹೊಳೆ ಪಕ್ಕದಲ್ಲೇ ಬೋರ್ ಬತ್ತಿದರೆ

"ಹೊಳೆ ಇಲ್ಲೇ ಐತೆ, ನನ್ನ ಬೋರಲ್ಲಿ ಬರೀ ಧೂಳು. ಆ ದಿಬ್ಬದ ಮೇಲಿನವರಿಗೆ ಎರಡಿಂಚು ನೀರು. ಇದು ಹೆಂಗೆ ಸಾರ್?"

ಮದ್ದೂರು ತಾಲ್ಲೂಕಿನಲ್ಲಿ ಶಿಂಷಾ ದಡದ ರೈತರೊಬ್ಬರು ಕಳೆದ ಬೇಸಿಗೆಯಲ್ಲಿ ಕೇಳಿದ್ದು ಇದು. ಸಾಲ ಮಾಡಿ 420 ಅಡಿ ಕೊರೆಸಿದ್ದರು. ಅಂತರ್ಜಲ ನೋಡುವ ನನ್ನ ಕೆಲಸದಲ್ಲಿ ಜಾಸ್ತಿ ಎದುರಾಗುವ ಪ್ರಶ್ನೆ ಇದೇ. ಆದರೆ ಅದನ್ನು ಕೇಳುವ ಹೊತ್ತಿಗೆ ದುಡ್ಡು ನೆಲ ಸೇರಿರುತ್ತದೆ, ಅದೇ ಸಂಕಟ.

ಹೊಳೆ ಇದ್ದ ಕಡೆ ನೆಲದಡಿಯೂ ನೀರು ಇರಲೇಬೇಕು ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಗಂಗೆಯ ಬಯಲಲ್ಲಿ ಅದು ಬಹುಮಟ್ಟಿಗೆ ನಿಜ, ಅಲ್ಲಿ ನೂರಾರು ಮೀಟರ್ ಆಳಕ್ಕೆ ಮರಳು, ಮೆಕ್ಕಲು. ನಮ್ಮ ಮಂಡ್ಯ, ಮೈಸೂರಿನ ಅಡಿಯಲ್ಲಿ ಇರುವುದು ಸುಮಾರು 300 ಕೋಟಿ ವರ್ಷ ಹಳೆಯ ಗಟ್ಟಿ ಬಂಡೆ. ಅದು ನೀರು ಹೀರುವುದಿಲ್ಲ. ಮೇಲೆ ಬಿಸಿಲು ಮಳೆಗೆ ಪುಡಿಯಾದ ಗರಸಿನ ಪದರದಲ್ಲಿ ಒಂದಿಷ್ಟು, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಒಂದಿಷ್ಟು, ಇಷ್ಟೇ ನೀರಿಗೆ ಜಾಗ. ಹೊಳೆಯ ಮರಳು ತೆಳುವಾಗಿದ್ದು ಅದರಡಿ ಬಿರುಕಿಲ್ಲದ ಬಂಡೆ ಇದ್ದರೆ, ಹೊಳೆ ನೀರು ಆ ಬಂಡೆಯ ಮೇಲೇ ಹರಿದುಹೋಗುತ್ತದೆ. ನಿಮ್ಮ ಬೋರಿಗೆ ಇಳಿಯುವುದಿಲ್ಲ.

ಈ ವಿಷಯದಲ್ಲಿ ನನಗೆ ಪದೇ ಪದೇ ನೆನಪಾಗುವುದು ಡೆನ್ಮಾರ್ಕ್. ಹಿಮಯುಗಗಳಲ್ಲಿ ಅಲ್ಲಿ ದಪ್ಪ ಹಿಮದ ಹಾಸು ಇತ್ತು. ಹಿಮದಡಿ ರಭಸದಿಂದ ಹರಿದ ನೀರು ಆಳವಾದ ಕಣಿವೆಗಳನ್ನು ಕೊರೆಯಿತು, ಆಮೇಲೆ ಅವು ಮರಳು, ಜಲ್ಲಿ, ಜೇಡಿಯಿಂದ ತುಂಬಿಕೊಂಡವು, ಮತ್ತೆ ಬಂದ ಹಿಮ ಅವುಗಳ ಮೇಲೆ ಜೇಡಿಮಣ್ಣು ಬಳಿದುಬಿಟ್ಟಿತು. ಈಗ ಮೇಲೆ ನಿಂತು ನೋಡಿದರೆ ಸಮತಟ್ಟಾದ ಹೊಲ, ಕೆಳಗೆ ಕಣಿವೆ ಇದೆ ಅನ್ನೋ ಸುಳಿವೂ ಇಲ್ಲ. ಈಗಿನ ನದಿ ಒಂದು ಕಡೆ, ಹೂತುಹೋದ ಕಣಿವೆ ಇನ್ನೊಂದು ಕಡೆ. ಆ ದೇಶದ ಕುಡಿಯುವ ನೀರು ಹೆಚ್ಚುಕಡಿಮೆ ಎಲ್ಲವೂ ಅಂತರ್ಜಲ. ಹಾಗಾಗಿ 1999ರಿಂದ 2015ರವರೆಗೆ ದೇಶದ ಸುಮಾರು 40% ಭಾಗದ ನೆಲದಡಿಯ ನಕ್ಷೆ ಮಾಡಿದರು. ಹೆಲಿಕಾಪ್ಟರ್ ಕೆಳಗೆ ದೊಡ್ಡ ತಂತಿಯ ಬಳೆ ತೂಗುಹಾಕಿ, ನೆಲ ವಿದ್ಯುತ್ತನ್ನು ಎಲ್ಲಿ ಎಷ್ಟು ಸಾಗಿಸುತ್ತದೆ ಅಂತ ಅಳೆದರು. ಜೇಡಿ ಚೆನ್ನಾಗಿ ಸಾಗಿಸುತ್ತದೆ, ಮರಳು ಅಷ್ಟಾಗಿ ಇಲ್ಲ. ಇದೇ ವಿಧಾನವನ್ನು ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನದಲ್ಲೂ ಪ್ರಯೋಗ ಮಾಡಿದ್ದಾರೆ.

ನನ್ನ ಹತ್ತಿರ ಹೆಲಿಕಾಪ್ಟರ್ ಇಲ್ಲ. ನಾಲ್ಕು ಕಬ್ಬಿಣದ ಗೂಟ, ತಂತಿ, ಬ್ಯಾಟರಿ, ಮೀಟರ್, ಇಷ್ಟೇ. ಹೊರಗಿನ ಎರಡು ಗೂಟಗಳಲ್ಲಿ ಕರೆಂಟ್ ಬಿಟ್ಟು ಒಳಗಿನ ಎರಡರಲ್ಲಿ ಅಳೆಯುತ್ತೇನೆ. ಗೂಟಗಳನ್ನು ದೂರ ದೂರ ಸರಿಸಿದಷ್ಟೂ ಆಳದ ಸುದ್ದಿ ಸಿಗುತ್ತದೆ. ಗಟ್ಟಿ ಬಂಡೆ ಕರೆಂಟನ್ನು ತಡೆಯುತ್ತದೆ, ನೀರು ತುಂಬಿದ ಗರಸು ಬಿಡುತ್ತದೆ. ಆದರೆ ಒಂದು ಮಾತು ದಯವಿಟ್ಟು ನೆನಪಿಡಿ: ಜೇಡಿಯೂ ಬಿಡುತ್ತದೆ. ಮೀಟರ್ ನೋಡಿ ಸುಮ್ನೆ "ಇಲ್ಲಿ ನೀರಿದೆ" ಅನ್ನುವವರ ಮಾತಿಗೆ ದುಡ್ಡು ಹಾಕಬೇಡಿ.

ಅದಕ್ಕೇ ನನಗೆ ಬೇಕಾಗಿರುವುದು ಹಳೆಯ ಬೋರುಗಳ ಲೆಕ್ಕ. ಡೆನ್ಮಾರ್ಕಿನಲ್ಲಿ ಬಾವಿ ಕೊರೆಯುವವರು ನೆಲದಡಿ ಸಿಕ್ಕಿದ್ದನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು ಅನ್ನೋ ಕಾನೂನು 1926ರಿಂದಲೇ ಇದೆ. ನಮ್ಮಲ್ಲಿ ರಿಗ್ ಗಾಡಿ ಹೋದ ಮೇಲೆ ಉಳಿಯುವುದು ಕೇಸಿಂಗ್ ಪೈಪಿನ, ಅಂದರೆ ಮಣ್ಣು ಕುಸಿಯದಂತೆ ಬೋರಿಗೆ ಇಳಿಸುವ ಪೈಪಿನ ಬಿಲ್ಲು. ಆ ಬಿಲ್ಲನ್ನು ಬಿಸಾಡಬೇಡಿ! ಕೇಸಿಂಗ್ ಇಳಿಸುವುದು ಗಟ್ಟಿ ಬಂಡೆ ಸಿಗುವವರೆಗೆ. 60 ಅಡಿ ಕೇಸಿಂಗ್ ಅಂದರೆ ಹೆಚ್ಚುಕಡಿಮೆ 60 ಅಡಿ ಮಣ್ಣು, ಗರಸು ಅಂತ ಅರ್ಥ. ಊರಿನ ಇಪ್ಪತ್ತು ಬಿಲ್ಲು ಸೇರಿಸಿದರೆ ಗರಸು ಎಲ್ಲಿ ದಪ್ಪ, ಎಲ್ಲಿ ತೆಳು ಅನ್ನೋದು ಕಾಗದದ ಮೇಲೆ ಎದ್ದು ಕಾಣುತ್ತದೆ. ಇದರ ಜೊತೆಗೆ ಎಷ್ಟು ಅಡಿಗೆ ನೀರು ತಾಗಿತು, ಕೊರೆಯುವಾಗ ಹೊರಬರುವ ಕಲ್ಲಿನ ಪುಡಿಯ ಬಣ್ಣ ಎಲ್ಲಿ ಬದಲಾಯಿತು ಅಂತ ಬರೆದಿಡಿ. ನೀರು ಬರದ ಬೋರಿನ ಲೆಕ್ಕವೂ ಬೇಕು, ನನಗೆ ಅದೇ ಜಾಸ್ತಿ ಹೇಳುತ್ತದೆ.

ಶಿಂಷಾ ದಡದ ಆ ಊರಲ್ಲಿ ಹೀಗೇ ಮಾಡಿದೆವು. ಮನೆ ಮನೆಗೆ ಹೋಗಿ ಕೇಳಿ ಬರೆದುಕೊಂಡೆವು. ದಿಬ್ಬದ ಕಡೆ ಕೇಸಿಂಗ್ 70, 80 ಅಡಿ. ಹೊಳೆ ಕಡೆ 15, 20. ನಡುವೆ ಮೂರು ಬೋರುಗಳಲ್ಲಿ ಕಪ್ಪು ಪುಡಿ, ಮೂರೂ ಒಂದೇ ಸಾಲಿನಲ್ಲಿ. ಅದು ಕರಿಕಲ್ಲಿನ ಡೈಕ್, ಅಂದರೆ ಬಂಡೆಯ ಸೀಳಿನಲ್ಲಿ ಕರಗಿದ ಕಲ್ಲು ನುಗ್ಗಿ ಗಟ್ಟಿಯಾದ ಗೋಡೆ. ಶ್ರೀರಂಗಪಟ್ಟಣದ ಸುತ್ತ ಇಂಥವು ಬೇಕಾದಷ್ಟಿವೆ. ಈ ಗೋಡೆ ದಿಬ್ಬದಿಂದ ಇಳಿಯುವ ನೀರಿಗೆ ನೆಲದೊಳಗೇ ಕಟ್ಟೆ ಕಟ್ಟಿದೆ. ಅದಕ್ಕೇ ಮೇಲಿನವರಿಗೆ ಎರಡಿಂಚು, ಕೆಳಗಿನವರಿಗೆ ಧೂಳು.

ನಕ್ಷೆ ತೋರಿಸಿದಾಗ ಆ ರೈತರು ತಮ್ಮ ಜಮೀನಿನ ಮೇಲ್ತುದಿಗೆ ಬೆರಳಿಟ್ಟರು. ಅವರ ಒಂದು ಮೂಲೆ ಗೋಡೆಯಿಂದ ಆಚೆಗಿದೆ. ಅಲ್ಲಿ ಇನ್ನೂ ಕೊರೆಸಿಲ್ಲ. ಡೈಕಿನ ಕಲ್ಲಿನಲ್ಲಿ ಕಬ್ಬಿಣದ ಅಂಶ ಜಾಸ್ತಿ ಇರುವುದರಿಂದ ಮ್ಯಾಗ್ನೆಟೋಮೀಟರ್ (ಕಾಂತಶಕ್ತಿ ಅಳೆಯುವ ಉಪಕರಣ) ಹಿಡಿದು ನಡೆದರೆ ಅದರ ಅಂಚು ಸರಿಯಾಗಿ ಗೊತ್ತಾಗುತ್ತದೆ. ಭತ್ತದ ಕೊಯ್ಲು ಮುಗಿದ ಮೇಲೆ ಬನ್ನಿ ಅಂದಿದ್ದಾರೆ.