ಭಾನುವಾರ ಓಡಿ ಸೋಮವಾರ ರಕ್ತ ಕೊಡಬೇಡಿ

ಭಾನುವಾರ ಮೂವತ್ತು ಕಿಲೋಮೀಟರ್ ಓಡುತ್ತಾರೆ. ಸೋಮವಾರ ಬೆಳಿಗ್ಗೆ ಮನೆಗೆ ಬಂದ ಲ್ಯಾಬ್ ಹುಡುಗನಿಗೆ ರಕ್ತ ಕೊಡುತ್ತಾರೆ. ಮಂಗಳವಾರ ರಿಪೋರ್ಟ್ ಹಿಡಿದು ನನ್ನ ಮುಂದೆ ಕೂರುತ್ತಾರೆ. "ಡಾಕ್ಟ್ರೇ, ಟೆಸ್ಟೋಸ್ಟಿರಾನ್ ಕಡಿಮೆ ಬಂದಿದೆ. ಇಂಜೆಕ್ಷನ್ ಶುರು ಮಾಡೋಣ್ವಾ?" ಓಟದ ಸೀಸನ್ ಬಂತೆಂದರೆ ಬೆಂಗಳೂರಿನಲ್ಲಿ ಗಂಡಸರ ಈ ಹಾರ್ಮೋನ್ ಬಗ್ಗೆ ಹೀಗೆ ಕೇಳುವವರು ಜಾಸ್ತಿ.

ದಯವಿಟ್ಟು ಕೇಳಿ. ಗಂಟೆಗಟ್ಟಲೆ ಓಡುವಾಗ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರಲೇಬೇಕು. ಕೂಡಿಟ್ಟ ಸಕ್ಕರೆ, ಕೊಬ್ಬನ್ನು ಸ್ನಾಯುಗಳಿಗೆ ಒದಗಿಸುವುದರಲ್ಲಿ ಅದರ ಪಾಲು ದೊಡ್ಡದು. ಓಟ ಮುಗಿದ ಮೇಲೆ ಟೆಸ್ಟೋಸ್ಟಿರಾನ್ ಕುಸಿಯುತ್ತದೆ. ಅದು ಮತ್ತೆ ಮೇಲೇಳಲು ಒಂದೆರಡು ದಿನ, ಕೆಲವರಿಗೆ ಮೂರು ದಿನವೂ ಬೇಕು. ಸೋಮವಾರದ ರಕ್ತ ಹೇಳುವುದು ಭಾನುವಾರದ ದಣಿವಿನ ಕಥೆ, ನಿಮ್ಮ ಆರೋಗ್ಯದ ಕಥೆ ಅಲ್ಲ. ಲಿವರ್ ಪರೀಕ್ಷೆಯಲ್ಲಿ ನೋಡುವ ಎಸ್‌ಜಿಒಟಿ ಎಂಬ ಕಿಣ್ವ ಏರಿದ್ದಕ್ಕೆ ಲಿವರ್ ಕೆಟ್ಟಿತು ಅಂತ ಹೆದರುವವರೂ ಇದ್ದಾರೆ. ಆ ಕಿಣ್ವ ಸ್ನಾಯುವಿನಲ್ಲೂ ಇದೆ. ದೂರ ಓಡಿದ ಮೇಲೆ ಅದು ರಕ್ತಕ್ಕೆ ಸೋರುವುದು ಮಾಮೂಲಿ.

ರಕ್ತ ಕೊಡುವ ಮುಂಚೆ ಕನಿಷ್ಠ ಮೂರು ದಿನ ಜೋರಾಗಿ ಓಡಬೇಡಿ. ಚೆನ್ನಾಗಿ ನಿದ್ದೆ ಮಾಡಿ. ಬೆಳಿಗ್ಗೆ ಏಳರಿಂದ ಹತ್ತರೊಳಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಕೊಡಿ. ಎರಡೂ ಸಲ ಕಡಿಮೆ ಇದ್ದರೆ ಆಗ ಮಾತಾಡೋಣ.

ಆಗಲೂ ನಾನು ಮೊದಲು ಕೇಳುವುದು ಊಟದ ಬಗ್ಗೆ. ಬೆಳಿಗ್ಗೆ ಐದಕ್ಕೆ ಬರೀ ಕಾಫಿ ಕುಡಿದು ಲಾಲ್‌ಬಾಗ್‌ಗೆ ಹೋಗುತ್ತಾರೆ. ಮಧ್ಯಾಹ್ನದವರೆಗೆ ಉಪವಾಸ, ರಾತ್ರಿ ಸಲಾಡ್. ವಾರಕ್ಕೆ ಎಂಬತ್ತು ಕಿಲೋಮೀಟರ್ ಓಡುವ ದೇಹಕ್ಕೆ ಇದು ಸಾಲುತ್ತದಾ? ತಿಂದದ್ದು ಓಟಕ್ಕೇ ಖರ್ಚಾದರೆ ಮಿದುಳು ಉಳಿದ ಕೆಲಸಗಳಿಗೆ ಕೈ ಬಿಗಿ ಮಾಡುತ್ತದೆ. ಮಿದುಳಿನ ಹೈಪೋಥಲಾಮಸ್ ಭಾಗದಿಂದ ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಹೋಗುವ ಸಂಕೇತ ತಗ್ಗುತ್ತದೆ. ಟೆಸ್ಟೋಸ್ಟಿರಾನ್ ತಯಾರಿಸಿ ಅಂತ ಅಲ್ಲಿಂದ ವೃಷಣಗಳಿಗೆ ಹೇಳುವ ಎಲ್‌ಎಚ್ ಎಂಬ ಹಾರ್ಮೋನ್ ತಗ್ಗುತ್ತದೆ. ಥೈರಾಯ್ಡ್‌ನ ಟಿ3 ಹಾರ್ಮೋನ್ ಕೂಡ ಇಳಿಯಬಹುದು. ಇದು ಗಂಡಸರಿಗೂ ಆಗುತ್ತದೆ ಅಂತ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಹೇಳಿದೆ. ವರ್ಷಗಟ್ಟಲೆ ದೂರ ಓಡಿದ ಕೆಲವರಲ್ಲಿ ವಿಶ್ರಾಂತಿಯಲ್ಲೂ ಟೆಸ್ಟೋಸ್ಟಿರಾನ್ ಮಟ್ಟ ಸ್ವಲ್ಪ ಕಡಿಮೆ ಇರುವುದುಂಟು. ಏನೂ ತೊಂದರೆ ಇಲ್ಲದಿದ್ದರೆ ಅದನ್ನೇ ಕಾಯಿಲೆ ಅನ್ನಲಾಗದು. ಆದರೆ ಪಿಟ್ಯುಟರಿ ಗಡ್ಡೆಯಂಥ ಬೇರೆ ಕಾರಣ ಇದೆಯಾ ಅಂತ ನೋಡಲೇಬೇಕು.

ಇಂಜೆಕ್ಷನ್ ವಿಷಯಕ್ಕೆ ಬರುತ್ತೇನೆ. ಹೊರಗಿನಿಂದ ಟೆಸ್ಟೋಸ್ಟಿರಾನ್ ಬಂದರೆ ಮಿದುಳು ತನ್ನ ಸಂಕೇತವನ್ನು ಇನ್ನಷ್ಟು ತಗ್ಗಿಸುತ್ತದೆ. ವೀರ್ಯಾಣು ತಯಾರಿಯೂ ಕುಸಿಯುತ್ತದೆ. ಜಿಮ್ ಪರಿಚಯದವರ ಮಾತು ಕೇಳಿ ಚುಚ್ಚಿಸಿಕೊಂಡ ಹುಡುಗನೊಬ್ಬ ಮದುವೆಯಾದ ಮೇಲೆ ಹೆಂಡತಿ ಜೊತೆ ಬಂದಿದ್ದ. ವೀರ್ಯಾಣು ಲೆಕ್ಕ ಸೊನ್ನೆ. ಇಂಜೆಕ್ಷನ್ ನಿಲ್ಲಿಸಿ ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿದವು. ಅವನಿಗೆ ಬೇಕಿದ್ದದ್ದು ಎರಡು ಹೊತ್ತು ಜಾಸ್ತಿ ಊಟ ಮತ್ತು ನಿದ್ದೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಸ್ಪರ್ಧೆಗೆ ಇಳಿಯುವವರಿಗೆ ಇನ್ನೊಂದು ಮಾತು: ಟೆಸ್ಟೋಸ್ಟಿರಾನ್ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿದೆ.

ಓಡುವ ಹೆಣ್ಣುಮಕ್ಕಳಿಗೆ ಲ್ಯಾಬ್‌ಗಿಂತ ಮೊದಲೇ ದೇಹ ಸುಳಿವು ಕೊಡುತ್ತದೆ. ಮುಟ್ಟು ನಿಂತರೆ "ತರಬೇತಿ ಚೆನ್ನಾಗಿ ಆಗ್ತಿದೆ" ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ ಇಳಿದರೆ ಮೂಳೆ ಸವೆದು ಕಾಲಿನಲ್ಲಿ ಸಣ್ಣ ಬಿರುಕು ಬರಬಹುದು. ಮೂರು ತಿಂಗಳು ಮುಟ್ಟಾಗದಿದ್ದರೆ ಸ್ತ್ರೀರೋಗ ತಜ್ಞರನ್ನು ನೋಡಲೇಬೇಕು.

ನನ್ನ ಹತ್ತಿರ ಬರುವವರು ರಿಪೋರ್ಟ್ ಜೊತೆ ಇನ್ನೊಂದು ಹಾಳೆ ತನ್ನಿ. ಹಿಂದಿನ ವಾರ ಯಾವ ದಿನ ಎಷ್ಟು ಓಡಿದಿರಿ, ಏನು ತಿಂದಿರಿ, ಎಷ್ಟು ಹೊತ್ತು ಮಲಗಿದಿರಿ ಅಂತ ಬರೆದಿರಲಿ. ನಾನು ಮೊದಲು ಓದುವುದು ಅದನ್ನೇ.