‘ಎಂತ ಇಲ್ಲ’ದ ಒಳಗೆ ಎಂತ ಉಂಟು?

ಮಂಗಳೂರು ಕಡೆಯ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತಿದು. “ಎಂತ ಆಯ್ತು?” “ಎಂತ ಇಲ್ಲ.” ಕೇಳಿದ್ದು ಅಮ್ಮ, ಹೇಳಿದ್ದು ಪಿಯುಸಿ ಓದುವ ಮಗ. ಆ ‘ಎಂತ ಇಲ್ಲ’ದ ಹಿಂದೆ ಏನಿದೆ ಎಂದು ಅಮ್ಮನಿಗೆ ಎಷ್ಟು ಗೊತ್ತು? ಅಮ್ಮ ಯಾಕೆ ಕೇಳಿದಳು ಎಂದು ಮಗನಿಗೆ ಎಷ್ಟು ಗೊತ್ತು? ಇದನ್ನು ಅಳೆಯುವುದು ಹೇಗೆ ಎನ್ನುವುದೇ ಈ ಪಾಠ. ಸೈಕಾಲಜಿ ಪರೀಕ್ಷೆಗೆ ಮಾಡಿಕೊಂಡ ಟಿಪ್ಪಣಿಯನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಇಲ್ಲಿ ಎರಡು ಬೇರೆ ವಿಷಯಗಳಿವೆ. ನಾನು ತುಂಬಾ ದಿನ ಇವೆರಡನ್ನೂ ಒಂದೇ ಅಂದುಕೊಂಡಿದ್ದೆ. ಇನ್ನೊಬ್ಬರ ನಡತೆಯ ಹಿಂದೆ ಒಂದು ಮನಸ್ಸಿದೆ ಎಂದು ಯೋಚಿಸುವುದು ಒಂದು. ಅದಕ್ಕೆ ಮೆಂಟಲೈಸಿಂಗ್ ಎನ್ನುತ್ತಾರೆ. ಆ ಮನಸ್ಸಿನಲ್ಲಿ ಇರುವುದನ್ನು ಸರಿಯಾಗಿ ಊಹಿಸುವುದು ಇನ್ನೊಂದು. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಇರುತ್ತದೆ ಎಂದಿಲ್ಲ.

ಮೊದಲನೆಯದನ್ನು ಅಳೆಯಲು 1998ರಲ್ಲಿ ಪೀಟರ್ ಫೊನಗಿ, ಮೇರಿ ಟಾರ್ಗೆಟ್, ಮಿರಿಯಂ ಸ್ಟೀಲ್ ಮತ್ತು ಹೊವರ್ಡ್ ಸ್ಟೀಲ್ ಒಂದು ಮಾಪನದ ಕೈಪಿಡಿ ಬರೆದರು. ಹೆಸರು ರಿಫ್ಲೆಕ್ಟಿವ್ ಫಂಕ್ಷನಿಂಗ್ ಸ್ಕೇಲ್. ಸಂದರ್ಶನವನ್ನು ಅಕ್ಷರಕ್ಕಿಳಿಸಿ, ಉತ್ತರಗಳಿಗೆ -1ರಿಂದ 9ರವರೆಗೆ ಅಂಕ ಕೊಡುತ್ತಾರೆ. 5 ಬಂದರೆ ಸಾಮಾನ್ಯ ಮಟ್ಟ. ತಂದೆ ತಾಯಂದಿರಿಗೆಂದೇ ಅರಿಯೆಟಾ ಸ್ಲೇಡ್ ಮತ್ತು ಜೊತೆಗಾರರ ಸಂದರ್ಶನವೊಂದಿದೆ. ಮಗುವಿನ ಜೊತೆ ಚೆನ್ನಾಗಿ ಹೊಂದಿಕೊಂಡ ಒಂದು ಗಳಿಗೆ ಹೇಳಿ, ಹೊಂದದೇ ಹೋದ ಒಂದು ಗಳಿಗೆ ಹೇಳಿ ಎಂದು ಅದರಲ್ಲಿ ಕೇಳುತ್ತಾರೆ.

ಅಂಕ ಕೊಡುವವರು ಕಿವಿಗೊಡುವುದು ಯಾವುದಕ್ಕೆ? ಬಾಗಿಲು ಧಡ್ ಎಂದು ಹಾಕಿಕೊಂಡ ಮಗಳ ಬಗ್ಗೆ ಅಮ್ಮ “ಅವಳಿಗೆ ಕೊಬ್ಬು” ಎಂದರೆ ಅಲ್ಲಿ ಮನಸ್ಸಿನ ಮಾತೇ ಇಲ್ಲ. “ಗೆಳತಿಯರ ಎದುರು ಮಾರ್ಕ್ ಕೇಳಿದೆ ಅಲ್ವಾ, ನಾಚಿಕೆ ಆಗಿರಬೇಕು ಕಾಣ್ತದೆ” ಎಂದರೆ ಇದೆ. ನನಗೆ ಇಷ್ಟವಾಗಿದ್ದು ಆ ‘ಆಗಿರಬೇಕು’, ‘ಕಾಣ್ತದೆ’. ಇನ್ನೊಬ್ಬರ ಮನಸ್ಸು ನಮಗೆ ಪೂರ್ತಿ ಕಾಣುವುದಿಲ್ಲ ಎಂಬ ಒಪ್ಪಿಗೆ ಆ ಎರಡು ಪದಗಳಲ್ಲೇ ಇದೆ. ಅಂಕ ಹೆಚ್ಚುವುದೂ ಅಂಥ ಒಪ್ಪಿಗೆ ಇದ್ದಲ್ಲಿ.

ಸಂದರ್ಶನಕ್ಕೆ ಸಮಯ ಜಾಸ್ತಿ, ಅಂಕ ಕೊಡುವವರಿಗೆ ತರಬೇತಿಯೂ ಬೇಕು. ಹಾಗಾಗಿ ಪ್ರಶ್ನಾವಳಿಗಳು ಬಂದವು. ಲಾಯ್ಟನ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ್ದರಲ್ಲಿ 18 ವಾಕ್ಯಗಳಿವೆ, ಪ್ರತಿಯೊಂದಕ್ಕೂ 1ರಿಂದ 7. ಮೂರು ಭಾಗ: ಮಗುವಿನ ಮನಸ್ಸಿನ ಬಗ್ಗೆ ಕುತೂಹಲ, ಅದು ನನಗೆ ಗೊತ್ತು ಎಂಬ ಖಚಿತತೆ, ಮತ್ತು ಮಗು ಬೇಕೆಂದೇ ಕಾಡುತ್ತದೆ ಎಂಬಂಥ ತಪ್ಪು ಓದು. ಮೂಲ ಪ್ರಶ್ನಾವಳಿ 5 ವರ್ಷದವರೆಗಿನ ಮಕ್ಕಳ ತಂದೆ ತಾಯಂದಿರಿಗೆ. ಹದಿಹರೆಯದವರಿಗೆ ಹೊಂದಿಸಿದ ರೂಪ ಬೇರೆ ಇದೆ.

ಪರೀಕ್ಷೆಯಲ್ಲಿ ಎಡವುವ ಜಾಗ ಖಚಿತತೆ. ಅಲ್ಲಿ ಅಂಕ ಹೆಚ್ಚಾದಷ್ಟೂ ಒಳ್ಳೆಯದು ಎಂದು ಬರೆಯಬೇಡಿ. “ನನ್ನ ಮಗ ಏನು ಯೋಚಿಸ್ತಾನೆ ಅಂತ ನನಗೆ ಗೊತ್ತಿಲ್ವಾ?” ಎನ್ನುವ ಅಮ್ಮನಿಗೆ ತುದಿಯ ಅಂಕ ಬರುತ್ತದೆ, ಆದರೆ ಅದು ಅತಿಯಾದ ಊಹೆಯೂ ಇರಬಹುದು. ತೀರಾ ಕಡಿಮೆ ಬಂದರೂ ತೊಂದರೆಯೇ. ಇನ್ನೊಂದು ಸಂಗತಿ, ನಮ್ಮ ಕಡೆ ಹೊರಗಿನವರು ಫಾರ್ಮ್ ಹಿಡಿದು ಮನೆಗೆ ಬಂದರೆ “ಮಗನ ಮನಸ್ಸು ಗೊತ್ತಾಗಲ್ಲ” ಎಂದು ಯಾವ ಅಮ್ಮ ಬಾಯಿಬಿಟ್ಟು ಹೇಳುತ್ತಾರೆ?

ಈಗ ಎರಡನೆಯದು, ಸರಿಯಾದ ಊಹೆ. ವಿಲಿಯಂ ಇಕ್ಸ್ ತಂಡದ 1990ರ ವಿಧಾನ ನನಗೆ ತುಂಬಾ ಹಿಡಿಸಿತು. ಇಬ್ಬರು ಮಾತಾಡುವುದನ್ನು ವಿಡಿಯೊ ಮಾಡುತ್ತಾರೆ. ಆಮೇಲೆ ಒಬ್ಬೊಬ್ಬರೇ ಅದನ್ನು ನೋಡುತ್ತಾ, ತನ್ನ ತಲೆಯಲ್ಲಿ ಏನಾದರೂ ಓಡಿದ ಕಡೆ ನಿಲ್ಲಿಸಿ ಅದನ್ನು ಬರೆಯುತ್ತಾರೆ. ಇನ್ನೊಬ್ಬರು ಅದೇ ಜಾಗಗಳಲ್ಲಿ ನಿಲ್ಲಿಸಿ ಊಹೆ ಬರೆಯುತ್ತಾರೆ. ಹೊರಗಿನ ತೀರ್ಪುಗಾರರು ಎರಡನ್ನೂ ಹೋಲಿಸಿ 0, 1 ಅಥವಾ 2 ಕೊಡುತ್ತಾರೆ. 12 ನಿಲುಗಡೆ ಇದ್ದರೆ ಗರಿಷ್ಠ 24. ಅಮ್ಮನಿಗೆ 9 ಬಂತು ಎನ್ನಿ, ಶೇಕಡಾ 37.5. ಮಗನ ಊಹೆಗೂ ಇದೇ ಲೆಕ್ಕ. ಹೆಚ್ಚಿನ ಪ್ರಶ್ನಾವಳಿಗಳಲ್ಲಿ ಈ ಎರಡನೇ ದಿಕ್ಕು ಇರುವುದಿಲ್ಲ.

ಆದರೆ 1955ರಲ್ಲೇ ಮನಶ್ಶಾಸ್ತ್ರಜ್ಞ ಲೀ ಕ್ರಾನ್‌ಬಾಕ್ ಇಂಥ ಅಂಕಗಳ ಬಗ್ಗೆ ಎಚ್ಚರಿಸಿದ್ದರು: ಅಂಕ ಹೆಚ್ಚು ಬಂದ ಮಾತ್ರಕ್ಕೆ ಆ ಒಬ್ಬರ ಮನಸ್ಸು ಗೊತ್ತಿದೆ ಎಂದಾಗುವುದಿಲ್ಲ. ಒಂದು ಉದಾಹರಣೆ. ಜುಲೈ ತಿಂಗಳು, ಬೆಳಿಗ್ಗೆ 6 ಗಂಟೆ, ಹೊರಗೆ ಜೋರು ಮಳೆ. ಹುಡುಗ ಮೊಬೈಲ್ ನೋಡುತ್ತಿದ್ದಾನೆ. “ಡಿಸಿ ರಜೆ ಕೊಟ್ರಾ ಅಂತ ನೋಡ್ತಿದ್ದಾನೆ” ಎಂದು ದಕ್ಷಿಣ ಕನ್ನಡದ ಯಾವ ಅಮ್ಮನೂ ಹೇಳಬಲ್ಲಳು. ಪೂರ್ತಿ 2 ಅಂಕ! ಅವಳಿಗೆ ಗೊತ್ತಿರುವುದು ಹುಡುಗರ ಜಾತಿ, ತನ್ನ ಹುಡುಗ ಅಲ್ಲ. ತನಗೆ ಅನಿಸಿದ್ದನ್ನೇ ಮಗನ ತಲೆಗೆ ಹಾಕಿ, ಇಬ್ಬರ ಸ್ವಭಾವ ಒಂದೇ ಆದ್ದರಿಂದ ಸರಿಯಾಗುವುದೂ ಇದೆ. ಇದನ್ನು ಬೇರೆ ಮಾಡುವ ಒಂದು ದಾರಿ, ಅಮ್ಮನ ಊಹೆಗಳನ್ನು ಪಕ್ಕದ ಮನೆಯ ಹುಡುಗನ ಹಾಳೆಯ ಜೊತೆ ಹೋಲಿಸುವುದು. ಅಲ್ಲೂ ಹೆಚ್ಚುಕಡಿಮೆ ಅಷ್ಟೇ ಅಂಕ ಬಂದರೆ ಗುಟ್ಟು ರಟ್ಟಾಯಿತು.

ಓದಿದ್ದು ಸಾಲದು ಎಂದು ಅಮ್ಮ ಮತ್ತು ತಮ್ಮನನ್ನು ಕೂರಿಸಿ ಸುಮ್ನೆ ಒಮ್ಮೆ ಮಾಡಿ ನೋಡಿದೆ. ಐದು ನಿಮಿಷದ ಮಾತು. ವಿಷಯ, ಗೆಳೆಯರ ಜೊತೆ ಮಲ್ಪೆಗೆ ಹೋಗುವುದು. ಮನೆಯಲ್ಲಿ ನಮ್ಮದು ತುಳು, ಹಾಳೆಯಲ್ಲಿ ಬರೆದದ್ದು ಕನ್ನಡ. ತಮ್ಮ “ಎಂತ ಇಲ್ಲ” ಎಂದ ಜಾಗದಲ್ಲಿ ಅಮ್ಮನ ಊಹೆ ‘ಬೇಜಾರು’. ತಮ್ಮ ಬರೆದದ್ದೂ ‘ಬೇಜಾರು’. ನಾನು ಕೂಡಲೇ 2 ಹಾಕಿದೆ. ನನ್ನ ಜೊತೆ ಅಂಕ ಹಾಕುತ್ತಿದ್ದ ಗೆಳತಿ ಒಪ್ಪಲಿಲ್ಲ. ಇಬ್ಬರನ್ನೂ ಬೇರೆ ಬೇರೆ ಕೇಳಿದೆವು. ಅಮ್ಮನ ಪ್ರಕಾರ ಅವನಿಗೆ ಕಳಿಸಲಿಲ್ಲ ಎಂಬ ನೋವು. ತಮ್ಮನಿಗೆ ಇದ್ದದ್ದು ಒಂದೇ ಮಾತು ಮೂರು ಸಲ ಕೇಳಿ ಬಂದ ಬೋರು.

ನಾನು 1ಕ್ಕೆ ಇಳಿದೆ, ಗೆಳತಿ 0ಯಲ್ಲಿ ನಿಂತಳು. ಹಾಸ್ಟೆಲಿನ ಧಾರವಾಡದ ಹುಡುಗಿಗೆ ಹಾಳೆ ಕೊಟ್ಟೆವು. ಅವಳು ಓದಿ, “ಬ್ಯಾಸರ ಅಂದ್ರ ನಮ್ಮಲ್ಲಿ ಸುಸ್ತಾದ್ರೂ ಹಂಗ ಅಂತೀವಲ್ಲ” ಎಂದು ಪೆನ್ನು ಕೆಳಗಿಟ್ಟಳು.